ಊರಲ್ಲಿ 8, ಇಲ್ಲಿ 9, ಐಸ್ ಮೇಲೆ ಏಳೂವರೆ

ಹಾಕಿ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ? ನಂಗಂತೂ ಕೊಡಗು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನವನು ಕೊಡಗಿನವನು. ಏಪ್ರಿಲ್ ಬಂತೆಂದರೆ ಇಂಟರ್ನಲ್ಸ್ ಇದ್ದರೂ ಸರಿ, ಏನಿದ್ದರೂ ಸರಿ, ಬ್ಯಾಗು ಏರಿಸಿಕೊಂಡು ಊರಿಗೆ ಹೊರಟುಬಿಡುತ್ತಿದ್ದ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಮನೆತನಗಳ ಹಾಕಿ ಹಬ್ಬ ಈಗ ಮುನ್ನೂರಕ್ಕೂ ಹೆಚ್ಚು ತಂಡಗಳ ಜಾತ್ರೆ. ಹಾಗಾಗಿ ನನ್ನ ತಲೆಯಲ್ಲಿ ಹಾಕಿ ಅಂದರೆ ಮೈದಾನ, ಬಿಸಿಲು, ಬೆವರು.

ಕೆನಡಾಕ್ಕೆ ಬಂದ ಮೇಲೆ ಆ ಪದದ ಅರ್ಥವೇ ಬದಲಾಯಿತು ನೋಡಿ. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ, ಅಷ್ಟೇ. ನಮ್ಮದನ್ನು ಇವರು 'ಫೀಲ್ಡ್ ಹಾಕಿ' ಅಂತ ಬೇರೆ ಮಾಡಿ ಕರೆಯುತ್ತಾರೆ. ನಾನಿರುವುದು ಒಂಟಾರಿಯೋ ಪ್ರಾಂತ್ಯದ ವಾಟರ್ಲೂನಲ್ಲಿ. ಚಳಿಗಾಲದಲ್ಲಿ ಸಂಜೆ ಐದರೊಳಗೆ ಕತ್ತಲೆ. ಆಫೀಸಿನಿಂದ ಹೊರಗೆ ಬಂದರೆ ರಾತ್ರಿ, ಮನೆಗೆ ಹೋದರೆ ಗೋಡೆ, ಗೋಡೆಯ ಮೇಲೆ ಮತ್ತೊಂದು ಮಾನಿಟರು. ಮೊದಲ ಎರಡು ಚಳಿಗಾಲ ಹೇಗೋ ಕಳೆದೆ. ಮೂರನೆಯದಕ್ಕೆ ಮನಸ್ಸು ಕೈಕೊಡುವ ಲಕ್ಷಣ ಕಾಣಿಸಿತು. ವಾರಾಂತ್ಯದ ಎರಡು ದಿನ ಒಂದೂ ಮಾತಾಡದೆ ಕಳೆದು, ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಬಾಯಿ ತೆರೆದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿತ್ತು.

ಅದೇ ವಾರ ಆಫೀಸಿನ ಗೆಳೆಯನೊಬ್ಬ ತಮ್ಮ ಟೀಮಿಗೆ ಬರುತ್ತೀಯಾ ಅಂತ ಕೇಳಿದ. ಇಲ್ಲಿ ದೊಡ್ಡವರು ಆಡುವ, ಸೋತರೂ ಗೆದ್ದರೂ ಕೊನೆಗೆ ಎಲ್ಲರೂ ಸೇರಿ ಕುಡಿಯುವ ಈ ಪಂದ್ಯಗಳಿಗೆ 'ಬಿಯರ್ ಲೀಗ್' ಅಂತಲೇ ಹೆಸರು. ರಿಂಕು ಮಕ್ಕಳಿಗೆ, ಕ್ಲಬ್ಬುಗಳಿಗೆಲ್ಲ ಹಂಚಿಹೋಗಿ ಮಿಕ್ಕಿದ ಹೊತ್ತು ನಮ್ಮಂಥವರಿಗೆ, ಅಂದರೆ ರಾತ್ರಿ ಹತ್ತೂಮುಕ್ಕಾಲು! ನನಗೆ ಸ್ಕೇಟಿಂಗೇ ಬರುತ್ತಿರಲಿಲ್ಲ. ದೊಡ್ಡವರಿಗೆ ಅಂತಲೇ ಇರುವ ಕಲಿಕೆಯ ಕ್ಲಾಸಿಗೆ ಸೇರಿಕೊಂಡೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತದೋ ಅದು, ಕಾಲಿಗೆ ಕತ್ತಿ ಕಟ್ಟಿಕೊಂಡು ಆಡೋ ಆಟ? ಕೋಳಿ ಅಂಕದ ಹುಂಜನ ಹಾಂಗೆ!" ಅಂದಳು. ಇದಕ್ಕಿಂತ ಸರಿಯಾದ ವರ್ಣನೆ ನಾನು ಇಲ್ಲಿನ ಟೀವಿಯಲ್ಲೂ ಕೇಳಿಲ್ಲ :)

ಆದರೆ ಇವತ್ತು ಬರೆಯಬೇಕೆಂದುಕೊಂಡಿದ್ದು ಆಟದ ಬಗ್ಗೆ ಅಲ್ಲ, ಆ ಕತ್ತಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ಕತ್ತಿಗೂ ನನ್ನ ಕಾಲಿಗೂ ಮಧ್ಯೆ ಇರುವ ಬೂಟಿನ ಬಗ್ಗೆ.

ಮೊದಲ ಕೆಲವು ಕ್ಲಾಸಿಗೆ ರಿಂಕಿನಲ್ಲಿ ಬಾಡಿಗೆಗೆ ಸಿಗುವ ಸ್ಕೇಟುಗಳೇ ಗತಿ. ನೂರಾರು ಜನರ ಕಾಲು ಹೊಕ್ಕು ಹೊರಬಂದ ಬೂಟು. ಒಳಗೆ ಹತ್ತಿ ಸತ್ತುಹೋಗಿರುತ್ತೆ, ಬ್ಲೇಡು ಬೆಣ್ಣೆ ಸವರುವ ಚಾಕುವಿನಷ್ಟು ಮೊಂಡು. ನಮ್ಮ ಮಲೆನಾಡಿನವರಿಗೆ ಜಾರುವುದು ಹೊಸದೇನಲ್ಲ. ಆಷಾಢದಲ್ಲಿ ಅಂಗಳವೆಲ್ಲ ಪಾಚಿ ಕಟ್ಟಿರುತ್ತೆ. ಅಡಿಕೆ ಸೋಗೆ ಹಾಸಿದ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಸೀದಾ ನೆಲಕ್ಕೆ. ಅದಕ್ಕೇ ನಾವು ಚಿಕ್ಕಂದಿನಿಂದ ಒಂದು ವಿದ್ಯೆ ಕಲಿತಿರುತ್ತೇವೆ, ಕಾಲ್ಬೆರಳನ್ನು ಮಡಚಿ ನೆಲಕ್ಕೆ ಊರಿ, ಹಿಡಿದು ನಡೆಯುವುದು. ಜಾರಿತು ಅನ್ನಿಸಿದ ಕ್ಷಣ ಹೆಬ್ಬೆರಳು ತಾನಾಗಿ ನೆಲ ಕಚ್ಚುತ್ತೆ.

ಸ್ಕೇಟಿನೊಳಗೂ ನನ್ನ ಬೆರಳು ಅದನ್ನೇ ಮಾಡತೊಡಗಿತು. ಆದರೆ ಅಲ್ಲಿ ಹಿಡಿಯುವುದಕ್ಕೆ ನೆಲ ಎಲ್ಲಿದೆ? ಸಡಿಲ ಬೂಟಿನೊಳಗೆ ಬೆರಳು ಬರೀ ಗಾಳಿಯನ್ನು, ಹೆಚ್ಚೆಂದರೆ ಒಳಗಿನ ಅಟ್ಟೆಯನ್ನು ಹಿಡಿಯುತ್ತೆ. ಹತ್ತು ನಿಮಿಷಕ್ಕೆ ಅಂಗಾಲು ಹಿಡಿದುಕೊಂಡು ಬಿಡುತ್ತಿತ್ತು.

ಕ್ಲಾಸು ಮುಗಿದು ಟೀಮಿಗೆ ಸೇರುವ ಹೊತ್ತಿಗೆ ಆ ಗೆಳೆಯ ತನ್ನ ಹಳೆಯ ಸ್ಕೇಟು ತಂದುಕೊಟ್ಟ. "ನಿನ್ನ ಶೂ ನಂಬರೂ ಒಂಬತ್ತು, ಇದೂ ಒಂಬತ್ತು. ಇಟ್ಕೋ." ಪ್ರೀತಿಯಿಂದ, ಪುಕ್ಕಟೆಯಾಗಿ ಕೊಟ್ಟಿದ್ದು. ಬ್ರ್ಯಾಂಡ್ ಒಳ್ಳೆಯದೇ, ಬ್ಲೇಡು ಹರಿತವಾಗಿಯೇ ಇತ್ತು. ಆದರೆ ಎರಡನೇ ಪಂದ್ಯದಿಂದಲೇ ನೋವು ಶುರು. ಅದು ಒಂದು ನೋವಲ್ಲ, ನೋವಿನ ಸರಪಳಿ. ಹೇಗೆ ಅಂದರೆ, ಬೂಟು ದೊಡ್ಡದಾದ್ದರಿಂದ ಹಿಮ್ಮಡಿ ಮೇಲೇಳುತ್ತೆ. ಹಿಮ್ಮಡಿ ಏಳದಿರಲಿ ಅಂತ ಲೇಸು ಜಗ್ಗಿ ಬಿಗಿಯುತ್ತೇವೆ. ಲೇಸು ಬಿಗಿದರೆ ಪಾದವೂ ಮೊಣಕಾಲ ಕೆಳಗಿನ ಮೂಳೆಯೂ ಸೇರುವ ಸಂದಿನಲ್ಲಿ, ಆ ನರದಂಥ ಗಟ್ಟಿ ಎಳೆಗಳ ಮೇಲೆ ಅದು ಕೊರೆಯುತ್ತೆ. ಇಲ್ಲಿನವರು ಅದಕ್ಕೆ 'ಲೇಸ್ ಬೈಟ್' ಅನ್ನುತ್ತಾರೆ, ನಮ್ಮಲ್ಲಿ ಶೂ ಬೈಟ್ ಅನ್ನುವ ಹಾಗೆ. ಅಷ್ಟು ಬಿಗಿದರೂ ಬೂಟಿನ ಮುಂಭಾಗ ಖಾಲಿ, ಹಾಗಾಗಿ ಬೆರಳು ಮಡಚುತ್ತೆ. ಕಣಕಾಲಿಗೆ ಆಸರೆ ಇಲ್ಲದೆ ಬೂಟು ಒಳಕ್ಕೆ ವಾಲುತ್ತೆ. ವಾಲಿದರೆ ಬ್ಲೇಡಿನ ಒಳ ಅಂಚು ಮಾತ್ರ ಐಸಿಗೆ ತಾಗುತ್ತೆ, ಹೊರ ಅಂಚು ಇದ್ದೂ ಇಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಎಲ್ಲರ ಕಾಲೂ ನೋಯುತ್ತೆ ಮಾರಾಯ, ಒಗ್ಗಿಹೋಗುತ್ತೆ." ಫೆಬ್ರವರಿ ಹೊತ್ತಿಗೆ ಪಂದ್ಯ ಮುಗಿದ ಮೇಲೆ ಕಾಲಿನ ಮುಂಭಾಗ ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ, ಜೋಮು. ಬೇರೆಯವರು ಸ್ನಾನ ಮಾಡಿ ಬಟ್ಟೆ ಹಾಕಿ ನಗುತ್ತ ಕೂತಿದ್ದರೆ ನಾನು ಇನ್ನೂ ಒಂದು ಬೂಟು ಬಿಚ್ಚಿ ಪಾದ ತಿಕ್ಕುತ್ತಿರುತ್ತಿದ್ದೆ. ಟೀಮು ಬಿಟ್ಟುಬಿಡೋಣ ಅನ್ನುವ ಮೇಲ್ ಬರೆದು ಡ್ರಾಫ್ಟಿನಲ್ಲಿಟ್ಟಿದ್ದೂ ಉಂಟು. ಕಳಿಸಲಿಲ್ಲ. ಆ ನಾತ ಹೊಡೆಯುವ ಕೋಣೆಯೊಂದೇ ಈ ಊರಿನಲ್ಲಿ ನನ್ನನ್ನು ಯಾವ ಪ್ರಾಜೆಕ್ಟು, ಯಾವ ವೀಸಾ ಅಂತ ಯಾರೂ ಕೇಳದ ಜಾಗವಾಗಿತ್ತು. ಅಲ್ಲಿ ನಾನು ಬರೀ ಹದಿನೇಳನೇ ನಂಬರು. ಅದನ್ನು ಒಂದು ಬೂಟಿನ ದೆಸೆಯಿಂದ ಕಳಕೊಳ್ಳುವುದು ಸರಿ ಅನ್ನಿಸಲಿಲ್ಲ.

ಸರಿ, ಹೊಸದೇ ತಗೊಳ್ಳೋಣ ಅಂತ ಒಂದು ದೊಡ್ಡ ಕ್ರೀಡಾ ಅಂಗಡಿಗೆ ಹೋದೆ. ಹೆಸರು ಬೇಡ ಬಿಡಿ. ಕಾಲೇಜು ಹುಡುಗನೊಬ್ಬ ಬಂದ. ನಂಬರು ಕೇಳಿದ, ಬಜೆಟ್ ಕೇಳಿದ, ಕಾಲನ್ನು ನೋಡಲಿಲ್ಲ. ಸೀದಾ ಮೇಲಿನ ಸಾಲಿನ ಮಾಡೆಲ್ ತಂದ. ಇವತ್ತು ಅತಿ ಮೇಲಿನ ಸ್ಕೇಟಿನ ಬೆಲೆ ಸಾವಿರ ಕೆನಡಿಯನ್ ಡಾಲರ್ ದಾಟುತ್ತೆ. "ಪರ್ಫಾರ್ಮೆನ್ಸ್ ಬೇಕಂದ್ರೆ ಇದೇ" ಅಂದ. ನನ್ನ ಪಾದ ಅದರೊಳಗೆ ಅರ್ಧ ಹೋಗಿ ನಿಂತಿತು. ಹುಡುಗ ಎರಡು ಸಲ ತಳ್ಳಿ ನೋಡಿ, ಬಹಳ ವಿನಯದಿಂದಲೇ ಹೇಳಿದ: "ನಿಮ್ಮ ಕಾಲು ಸ್ವಲ್ಪ... ಬೇರೆ ಥರ ಇದೆ."

ಮಾತು ಚಿಕ್ಕದು. ಆದರೆ ನಾನು ಅದನ್ನು ಕೇಳಿದ್ದು ಮೊದಲನೇ ಸಲವಲ್ಲ. ಏಳನೇ ಸೆಮಿಸ್ಟರಿನಲ್ಲಿ ಕ್ಯಾಂಪಸ್ ಇಂಟರ್‌ವ್ಯೂಗೆ ಕಪ್ಪು ಶೂ ಬೇಕಿತ್ತು. ಅಪ್ಪಯ್ಯ ನನ್ನನ್ನು ಶಿವಮೊಗ್ಗಕ್ಕೆ ಕರಕೊಂಡು ಹೋಗಿದ್ದರು. ನನ್ನ ಬೆರಳುಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿವೆ. ಹೈಸ್ಕೂಲಿನವರೆಗೆ ತೋಟ, ಗದ್ದೆ, ಅಂಗಳ ಎಲ್ಲ ಬರಿಗಾಲಲ್ಲೇ. ಶಾಲೆಗೆ ಹವಾಯಿ ಚಪ್ಪಲಿ. ಅಂಗಡಿಯವನು ನಂಬರು 7 ಹಾಕಿದ, 8 ಹಾಕಿದ, ಕೊನೆಗೆ ಅಗಲಕ್ಕಾಗಿ 9 ಹಾಕಿ ಮುಂದೆ ಹತ್ತಿ ತುರುಕಿದ. "ಹಳ್ಳಿ ಕಾಲು ಸಾರ್, ಹೀಂಗೇ" ಅಂದ. ಅಪ್ಪಯ್ಯ ನಕ್ಕರು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಪಾದವನ್ನು ಚಪ್ಪಲಿಯೊಳಗೆ ಹಿಂದಕ್ಕೆಳೆದು ಕೂತಿದ್ದು ನಾನು ನೋಡಿದ್ದೆ. ನನ್ನ ಪಾದ ಅವರದ್ದೇ ಪಡಿಯಚ್ಚು.

ಅಂದಹಾಗೆ, ಈ 'ಬೇರೆ ಥರ' ಅನ್ನುವುದು ಎಷ್ಟು ನಿಜ? ಆ ರಾತ್ರಿ ಇದನ್ನೇ ಹುಡುಕುತ್ತ ಕೂತೆ. ಸಿಕ್ಕಿದ್ದು ನಮ್ಮೂರ ಕಡೆಯದ್ದೇ! ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಉದಯ ಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಎಂಬ ಮೂಳೆವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಬರಿಗಾಲಲ್ಲಿ ಬೆಳೆದ ಮಕ್ಕಳಲ್ಲಿ ಚಪ್ಪಟೆ ಪಾದ ಇದ್ದದ್ದು ನೂರಕ್ಕೆ 2.8 ಜನಕ್ಕೆ, ಶೂ-ಚಪ್ಪಲಿ ಹಾಕಿ ಬೆಳೆದವರಲ್ಲಿ 8.6. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅದು ಎಲ್ಲರಿಗಿಂತ ಹೆಚ್ಚು. ಅಂದರೆ ಬರಿಗಾಲು ಪಾದದ ಕಮಾನನ್ನು ಗಟ್ಟಿಮಾಡುತ್ತೆ. ಬರಿಗಾಲಲ್ಲಿ ನಡೆಯುವವರ ಪಾದದ ಮುಂಭಾಗ ಅಗಲವಾಗಿರುತ್ತೆ ಅನ್ನುವುದೂ ಬೇರೆ ಅಧ್ಯಯನಗಳಲ್ಲಿ ಕಂಡುಬಂದದ್ದೇ. ನನ್ನ ಪಾದದಲ್ಲಿ ಕೊರತೆ ಏನೂ ಇರಲಿಲ್ಲ, ಸ್ವಾಮಿ. ಬೂಟು ಮಾಡುವವರು ಒಳಗಿಡುವ ಕಾಲಿನಾಕಾರದ ಅಚ್ಚು ಇನ್ಯಾರದ್ದೋ ಪಾದದ್ದು, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಿಫಾಲ್ಟ್ ಸೆಟ್ಟಿಂಗು ಬೇರೆ ಯೂಸರಿಗೆ ಇಟ್ಟದ್ದು.

* * *

ನಮ್ಮ ಗೋಲಿ ಇನ್ನೊಂದು ಅಂಗಡಿ ಹೇಳಿದ. ಕಿಚ್ನರಿನ ಒಂದು ಹಿಂಬದಿ ರಸ್ತೆಯಲ್ಲಿ, ಟಯರ್ ಅಂಗಡಿಯ ಪಕ್ಕ. ಕಿಚ್ನರ್ ಅಂದರೆ ನಮ್ಮ ವಾಟರ್ಲೂಗೆ ಅಂಟಿಕೊಂಡೇ ಇರುವ ಊರು, ಹುಬ್ಬಳ್ಳಿ-ಧಾರವಾಡ ಇದ್ದ ಹಾಗೆ, ಆದರೆ ನಡುವೆ ಖಾಲಿ ಜಾಗವೇ ಇಲ್ಲ. ಇಲ್ಲೊಂದು ವಿಷಯ ಹೇಳಲೇಬೇಕು. ಇವತ್ತು ಹಾಕಿ ಸ್ಕೇಟ್ ಅಂದರೆ ಮೊದಲು ಬಾಯಿಗೆ ಬರುವ ಬಾವರ್ ಕಂಪನಿ 1927ರಲ್ಲಿ ಹುಟ್ಟಿದ್ದು ಇದೇ ಕಿಚ್ನರಿನಲ್ಲಿ, ಬೂಟು ಮಾಡುತ್ತಿದ್ದ ಒಂದು ಮನೆತನದಿಂದ. ಅದಕ್ಕೂ ಹಿಂದೆ ಜನ ತಮ್ಮ ಮಾಮೂಲಿ ಬೂಟಿಗೇ ಬ್ಲೇಡನ್ನು ಪಟ್ಟಿಯಿಂದಲೋ ತಿರುಪಿನಿಂದಲೋ ಕಟ್ಟಿಕೊಳ್ಳುತ್ತಿದ್ದರು. ಬ್ಲೇಡನ್ನು ಬೂಟಿಗೇ ಖಾಯಂ ಜೋಡಿಸಿ ಮಾರಿದ್ದು ಇವರ ಹೆಗ್ಗಳಿಕೆ. ಒಂದು ರೀತಿಯಲ್ಲಿ ನೋಡಿದರೆ ನನ್ನ ಸಮಸ್ಯೆ ಶುರುವಾದದ್ದೂ ಅಲ್ಲೇ. ಬ್ಲೇಡು ಬೂಟಿಗೆ ಅಂಟಿತು, ಇನ್ನು ಬೂಟು ಕಾಲಿಗೆ ಅಂಟಬೇಕು.

ಅಂಗಡಿಯಲ್ಲಿ ಇದ್ದದ್ದು ಐವತ್ತು ದಾಟಿದ ಒಬ್ಬ ಹೆಂಗಸು. ಕನ್ನಡಕ ತಲೆಯ ಮೇಲೆ, ಏಪ್ರನ್ನಿನ ತುಂಬ ಕಬ್ಬಿಣದ ಪುಡಿ. ನಾನು ನಂಬರು ಹೇಳಲು ಬಾಯಿ ತೆರೆದರೆ, "ನಂಬರು ಬೇಡ, ಸಾಕ್ಸ್ ಬಿಚ್ಚಿ" ಅಂದಳು. ಎಲ್ಲರೆದುರು ಪಾದ ಬಿಚ್ಚಿ ತೋರಿಸುವುದಕ್ಕೆ ನನಗೆ ಒಂದು ಕ್ಷಣ ಹಿಂಜರಿಕೆಯಾಯಿತು. ಅವಳು ಅಳತೆಯ ಲೋಹದ ತಟ್ಟೆ ತಂದು ನೆಲಕ್ಕಿಟ್ಟು ನಿಲ್ಲಿಸಿದಳು. ಕೂತಾಗಿನ ಪಾದವೇ ಬೇರೆ, ಮೈಭಾರ ಬಿದ್ದಾಗಿನ ಪಾದವೇ ಬೇರೆ. ಎರಡೂ ಕಾಲು ಅಳೆದಳು, ಯಾಕಂದರೆ ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ. ಸಂಜೆ ಬಂದಿದ್ದು ಒಳ್ಳೆಯದಾಯಿತು ಅಂದಳು. ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತೆ, ಆಟದಲ್ಲಿ ಆಗುವುದೂ ಅದೇ.

ಆಮೇಲೆ ಒಂದು ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದಳು. ಕಾಗದ ಎತ್ತಿ ನೋಡಿದರೆ ಮುಂದೆ ಬೀಸಣಿಗೆ, ಹಿಂದೆ ಹಿಮ್ಮಡಿ ಕಿರಿದು, ಮೇಲ್ಭಾಗದ ಉಬ್ಬು ಎತ್ತರ. "ಚಂದದ ಪಾದ. ಬಹಳ ನಡೆದಿದೆ" ಅಂದಳು. ನಾನು ಏನೂ ಹೇಳಲಿಲ್ಲ, ಕಾಗದವನ್ನೇ ನೋಡುತ್ತಿದ್ದೆ. ಅದು ಥೇಟ್ ಅಪ್ಪಯ್ಯನ ಕಾಲು.

ಮುಂದಿನ ಒಂದೂವರೆ ಗಂಟೆ ನನಗೆ ಪಾಠ. ಐಸಿನ ಆಸುಪಾಸು ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು, ಉದ್ದ. ಹಾಕಿ ಸ್ಕೇಟಿನ ನಂಬರು ಶೂ ನಂಬರಿಗಿಂತ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಮ್ಮಿ. ನನ್ನದು ಊರಲ್ಲಿ 8, ಇಲ್ಲಿನ ಶೂ ಲೆಕ್ಕದಲ್ಲಿ 9, ಸ್ಕೇಟಿನಲ್ಲಿ ಏಳೂವರೆ. ಕಾಲು ಅದೇ ಒಂದು, ನಂಬರು ಮೂರು! ಸರಿಯಾದ ಉದ್ದದ ಗುರುತು ಏನೆಂದರೆ, ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗಟ್ಟಿ ಟೋಪಿಗೆ ಸುಮ್ಮನೆ ಸವರಬೇಕು, ಒತ್ತಬಾರದು. ಮೊಣಕಾಲು ಮಡಚಿ ಆಟದ ಭಂಗಿಗೆ ಬಂದ ಕೂಡಲೇ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಹಿಂದೆ ಸರಿಯಬೇಕು. ಶೂ ಅಂಗಡಿಯಲ್ಲಿ ಮುಂದೆ ಒಂದು ಬೆರಳು ಜಾಗ ಬಿಡಿಸಿ ಕೊಡುತ್ತಾರಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯದು, ಆಳ. ಲೇಸು ಕಟ್ಟದೆ ಕಾಲು ಒಳಗಿಟ್ಟು, ಮೇಲಿನಿಂದ ಮೂರನೇ ಲೇಸಿನ ತೂತಿನ ಹತ್ತಿರ ಬೂಟಿನ ಎರಡು ಅಂಚಿಗೂ ಅಡ್ಡಲಾಗಿ ಒಂದು ಪೆನ್ಸಿಲ್ ಇಡುವುದು. ಪೆನ್ಸಿಲ್ ಎರಡೂ ಅಂಚಿನ ಮೇಲೆ ಆರಾಮಾಗಿ ಕೂತರೆ ಸರಿ. ಪಾದದ ಮೇಲೆ ಕೂತು ಅಲ್ಲಾಡಿದರೆ ಬೂಟಿನ ಆಳ ಸಾಲದು, ಲೇಸು ಕಚ್ಚುವುದು ಗ್ಯಾರಂಟಿ. ಗೆಳೆಯನ ಹಳೇ ಸ್ಕೇಟನ್ನೂ ನಾನು ಒಯ್ದಿದ್ದೆ. ಅದರಲ್ಲಿಟ್ಟು ತೋರಿಸಿದಳು. ಪೆನ್ಸಿಲು ನನ್ನ ಪಾದದ ಮೇಲೆ ಏತದ ಮರದ ಹಾಗೆ ತೂಗುತ್ತಿತ್ತು. ಉದ್ದಕ್ಕೆ ಒಂದೂವರೆ ನಂಬರು ದೊಡ್ಡದು, ಆಳಕ್ಕೆ ಸಾಲದು. ಒಂದೇ ಬೂಟಿನಲ್ಲಿ ಎರಡು ತಪ್ಪು ಅಳತೆ ಇರಬಹುದು ಅನ್ನುವುದು ನಂಗೆ ಹೊಳೆದೇ ಇರಲಿಲ್ಲ.

ಮೂರನೆಯದು, ಅಗಲ. ನಿಜವಾದ ತಲೆನೋವು ಇದೇ. ಮೊದಲೆಲ್ಲ ಅಗಲಕ್ಕೆ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತಿತ್ತು, ಡಿ ಅಂದರೆ ಮಾಮೂಲಿ, ಡಬಲ್ ಇ ಅಂದರೆ ಅಗಲ. ಬಾವರ್‌ನವರು 2020ರಿಂದ ತಮ್ಮ ಮುಖ್ಯ ಮಾಡೆಲ್ಲುಗಳಲ್ಲಿ ಫಿಟ್ 1, 2, 3 ಅಂತ ಮಾಡಿದ್ದಾರೆ. 1 ಕಿರಿದು, 3 ದೊಡ್ಡದು. ಸಿಸಿಎಂನವರದ್ದು ಟೇಪರ್ಡ್, ರೆಗ್ಯುಲರ್, ವೈಡ್. ನನ್ನಂಥ ಅಗಲ ಕಾಲಿಗೆ ಫಿಟ್ 3 ಅಂತ ಯಾರಾದರೂ ಹೇಳಿಬಿಡಬಹುದು. ಅವಳೂ ಹಾಕಿ ನೋಡಿದಳು. ಮುಂದೆ ಸ್ವರ್ಗ! ಆದರೆ ತುದಿಗಾಲಲ್ಲಿ ನಿಲ್ಲು ಅಂದಳು. ಹಿಮ್ಮಡಿ ಮೇಲೆ ಬಂತು. ಅಗಲದ ಬೂಟು ಹಿಂದೂ ಅಗಲ, ನನ್ನ ಹಿಮ್ಮಡಿ ಕಿರಿದು. ಬರಿಗಾಲಲ್ಲಿ ಬೆಳೆದ ಪಾದದ ಆಕಾರಕ್ಕೆ ಇವರ ಮೂರು ಖಾನೆಯಲ್ಲಿ ಯಾವುದೂ ಪೂರ್ತಿ ಹೊಂದುವುದಿಲ್ಲ.

"ಹಿಮ್ಮಡಿಗೆ ಹೊಂದುವುದನ್ನು ತಗೋಬೇಕು. ಮುಂಭಾಗವನ್ನು ನಾನು ಹಿಗ್ಗಿಸಬಲ್ಲೆ. ಹಿಮ್ಮಡಿಯನ್ನು ಕುಗ್ಗಿಸೋಕೆ ಯಾರಿಂದಲೂ ಆಗೋದಿಲ್ಲ" ಅಂದಳು.

ಇಡೀ ವಿಷಯದ ತಿರುಳು ಈ ಮೂರು ವಾಕ್ಯದಲ್ಲಿದೆ. ಐದನೇ ಜೊತೆ, ಏಳೂವರೆ, ಫಿಟ್ 2, ಮಧ್ಯಮ ದರ್ಜೆಯ ಮಾಡೆಲ್ ಹಿಡಿಸಿತು. ಮೇಲಿನ ದರ್ಜೆಯದು ಬೇಡವೇ ಬೇಡ ಅಂದಳು, ಅವಳಿಗೆ ಲಾಭ ಅದರಲ್ಲೇ ಹೆಚ್ಚಿದ್ದರೂ. ಬೆಲೆ ಏರಿದ ಹಾಗೆ ಬೂಟು ಗಟ್ಟಿಯಾಗುತ್ತ, ಹಗುರವಾಗುತ್ತ ಹೋಗುತ್ತೆ. ವಾರಕ್ಕೆ ಐದಾರು ದಿನ ಆಡುವವನು ಅಷ್ಟು ಗಟ್ಟಿ ಬೂಟನ್ನು ಬಾಗಿಸಬಲ್ಲ. ವಾರಕ್ಕೊಮ್ಮೆ ಆಡುವವನ ಕಣಕಾಲು ಬಾಗುವುದೇ ಇಲ್ಲ, ಬಾಗದಿದ್ದರೆ ಮೊಣಕಾಲು ಮಡಚುವುದಿಲ್ಲ, ಮೊಣಕಾಲು ಮಡಚದಿದ್ದರೆ ಸ್ಕೇಟಿಂಗೇ ಇಲ್ಲ.

ಆಮೇಲೆ ಒಂದು ತಮಾಷೆ ನಡೆಯಿತು. ಬೂಟನ್ನು ಓವನ್ನಿಗೆ ಹಾಕಿದಳು! ಈಗಿನ ಬೂಟಿನ ಪದರಗಳು ಬಿಸಿಗೆ ಮೆತ್ತಗಾಗುವ ಜಾತಿಯವು. ಸುಮಾರು 80 ಡಿಗ್ರಿಯಲ್ಲಿ ಕೆಲವೇ ನಿಮಿಷ. ಹೊರತೆಗೆದು ಬಿಸಿಬಿಸಿ ಇರುವಾಗಲೇ ಕಾಲಿಗೆ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಲೇಸು ಕಟ್ಟಿದಳು. ಲೇಸನ್ನು ಪಕ್ಕಕ್ಕೆಳೆಯದೆ ನೇರ ಮುಂದಕ್ಕೆ ಎಳೆಯುತ್ತಿದ್ದಳು, ಮೆತ್ತಗಿರುವಾಗ ತೂತಿನ ಬಳೆ ಕಿತ್ತುಬರಬಾರದಲ್ಲ. ತಣಿಯುವವರೆಗೆ ಕದಲದೆ ಕೂರಬೇಕು, ನಿಂತರೆ ಆಕಾರ ಕೆಡುತ್ತೆ. ಬೆಚ್ಚಗಿನ ಬೂಟು ಪಾದದ ಸುತ್ತ ಮೆಲ್ಲಗೆ ಗಟ್ಟಿಯಾಗುವುದು ವಿಚಿತ್ರ ಸುಖ. ಕಿರುಬೆರಳಿನ ಬುಡ ಒತ್ತುವ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಆಮೇಲೆ ಒಂದು ಒತ್ತುಯಂತ್ರದಲ್ಲಿಟ್ಟು ಒಳಗಿನಿಂದ ಹೊರಕ್ಕೆ ಉಬ್ಬಿಸಿದಳು. ನನ್ನ ಎರಡೂ ಬೂಟಿನ ಪಕ್ಕದಲ್ಲಿ ಈಗ ನೆಲ್ಲಿಕಾಯಿ ಗಾತ್ರದ ಒಂದೊಂದು ಉಬ್ಬು ಇದೆ. ಫ್ಯಾಕ್ಟರಿಯಿಂದ ಬಂದ ಇನ್ಯಾವ ಜೊತೆಗೂ ಅದಿಲ್ಲ.

ಕೊನೆಗೆ ಬ್ಲೇಡು. ಹೊಸ ಸ್ಕೇಟಿನ ಬ್ಲೇಡು ಅಂಗಡಿಯಲ್ಲೇ ಹರಿತ ಮಾಡಿಸಿಕೊಳ್ಳಬೇಕು, ಹಾಗೇ ಹಾಕಿ ಇಳಿಯುವಂತಿಲ್ಲ. ನಾನು ತಿಳಿದ ಹಾಗೆ ಅದು ಚಾಕುವಿನಂತೆ ಒಂದೇ ಅಂಚಿನದ್ದಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕು. ಅದರ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ಗುಳಿ ಕೊರೆದಿರುತ್ತಾರೆ, ಆಗ ಒಳಗೊಂದು, ಹೊರಗೊಂದು, ಎರಡು ಅಂಚು ಸಿಗುತ್ತೆ. ಗುಳಿಯ ಅಳತೆಯನ್ನು ಅದರ ವೃತ್ತದ ತ್ರಿಜ್ಯದಲ್ಲಿ ಹೇಳುತ್ತಾರೆ: ಅರ್ಧ ಇಂಚು, ಐದು ಬೈ ಎಂಟು ಇಂಚು, ಹೀಗೆ. ತ್ರಿಜ್ಯ ಚಿಕ್ಕದಾದಷ್ಟೂ ಗುಳಿ ಆಳ, ಐಸನ್ನು ಹೆಚ್ಚು ಕಚ್ಚುತ್ತೆ. ದೊಡ್ಡದಾದಷ್ಟೂ ಸಲೀಸಾಗಿ ಜಾರುತ್ತೆ, ತಿರುವಿನಲ್ಲಿ ಹಿಡಿತ ಕಮ್ಮಿ.

ಇಂಜಿನಿಯರ್ ಬುದ್ಧಿ ಸುಮ್ಮನಿರಬೇಕಲ್ಲ, ಮನೆಗೆ ಬಂದು ಲೆಕ್ಕ ಹಾಕಿದೆ. 3 ಮಿಲಿಮೀಟರ್ ಅಗಲಕ್ಕೆ ಅರ್ಧ ಇಂಚು ತ್ರಿಜ್ಯವಾದರೆ ಗುಳಿಯ ಆಳ 0.09 ಮಿಲಿಮೀಟರ್! ಐದು ಬೈ ಎಂಟಕ್ಕೆ 0.07. ಪ್ರಿಂಟರಿಗೆ ಹಾಕುವ ಕಾಗದದ ದಪ್ಪವೂ ಅಲ್ಲ. ಎರಡರ ನಡುವಿನ ವ್ಯತ್ಯಾಸ 0.02. ಇಷ್ಟನ್ನು ಕಾಲು ಗುರುತಿಸುತ್ತಾ? ಗುರುತಿಸುತ್ತೆ, ನಂಬಿ. ಆದರೆ ಕಾಲು ಬೂಟಿನೊಳಗೆ ಅಲ್ಲಾಡದಿದ್ದರೆ ಮಾತ್ರ. ಹಿಮ್ಮಡಿ ಅರ್ಧ ಸೆಂಟಿಮೀಟರ್ ಏಳುವ ಬೂಟಿನಲ್ಲಿ ನಿಂತು ನೂರನೇ ಎರಡು ಮಿಲಿಮೀಟರಿನ ಚರ್ಚೆ ಮಾಡುವುದು, ತಳ ತೂತಾದ ಕೊಡಕ್ಕೆ ಬಾಯಿ ಚಂದವಿಲ್ಲ ಅಂದ ಹಾಗೆ. ಪರ್ಫಾರ್ಮೆನ್ಸ್ ಅನ್ನುವುದು ಬ್ಲೇಡಿನಿಂದ ಮೇಲಕ್ಕೆ ಬರುವುದಲ್ಲ, ಪಾದದಿಂದ ಕೆಳಕ್ಕೆ ಇಳಿಯುವುದು. ನಡುವೆ ಎಲ್ಲೂ ಸೋರಬಾರದು.

ಹೊಸ ಸ್ಕೇಟು ಹಾಕಿ ಇಳಿದ ಮೊದಲ ರಾತ್ರಿ ನಾನೇನೂ ದೊಡ್ಡ ಆಟಗಾರ ಆಗಿಬಿಡಲಿಲ್ಲ. ಟೀಮಿನಲ್ಲಿ ಎಲ್ಲರಿಗಿಂತ ನಿಧಾನ ನಾನೇ, ಈಗಲೂ :) ಆದರೆ ಎಡಕ್ಕೆ ತಿರುಗುವಾಗ ಹೊರ ಅಂಚಿನ ಮೇಲೆ ಒರಗಿದೆ ನೋಡಿ, ಅದು ಹಿಡಿಯಿತು. ಇಷ್ಟು ದಿನ ಇಲ್ಲದ್ದು. ಐಸು ಸಣ್ಣಗೆ 'ಸರ್ರ್' ಅಂತ ಸೀಳಿದ ಸದ್ದು ಕೇಳಿತು. ಎರಡನೇ ಸುತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಕಾಲ್ಬೆರಳು ಮಡಚಿರಲಿಲ್ಲ. ಚಪ್ಪಟೆಯಾಗಿ, ಹರಡಿಕೊಂಡು, ತಮ್ಮ ಪಾಡಿಗೆ ತಾವಿದ್ದವು. ನೆಲ ಜಾರುತ್ತಿದ್ದರೂ ಹಿಡಿದುಕೊಳ್ಳಬೇಕಾದ ಭಯ ಅವಕ್ಕಿರಲಿಲ್ಲ. ಪಂದ್ಯ ಮುಗಿದು ಬೂಟು ಬಿಚ್ಚಿದಾಗ ಪಾದ ಬಿಸಿಯಾಗಿತ್ತು, ಜೀವಂತವಾಗಿತ್ತು. ಡ್ರಾಫ್ಟಿನಲ್ಲಿದ್ದ ಆ ಮೇಲನ್ನು ಅಳಿಸಿದೆ.

* * *

ಇದನ್ನೆಲ್ಲ ಬರೆಯುವಾಗ ಲಡಾಖಿನ ಹುಡುಗಿಯರು ನೆನಪಾಗುತ್ತಾರೆ. ನಮ್ಮ ದೇಶದ ಮಹಿಳಾ ಐಸ್ ಹಾಕಿ ತಂಡದಲ್ಲಿ ಬಹುಪಾಲು ಅವರೇ. 2016ರಲ್ಲಿ ತೈಪೆಗೆ ಹೋಗಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದರು, ಅದಕ್ಕೆ ಜನರಿಂದ ಹಣ ಎತ್ತಬೇಕಾಗಿತ್ತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೀನ್ಸ್ ಮೇಲೆ ಮೊದಲ ಗೆಲುವು. 2018ರಲ್ಲಿ ಕೆನಡಾದ ಒಲಿಂಪಿಕ್ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಲಡಾಖಿಗೇ ಹೋಗಿ, ಆಟದ ಸಾಮಾನು ಒಯ್ದುಕೊಟ್ಟು ಬಂದರು. 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ತಂಡಕ್ಕೆ ಕಂಚು. ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಯಾರೋ ಬಿಟ್ಟುಕೊಟ್ಟ ಸಾಮಾನಿನಲ್ಲಿ ಕಲಿತವರು ಅವರಲ್ಲಿ ಎಷ್ಟೋ ಜನ. ದಾನಕ್ಕೆ ಬರುವ ಬೂಟು ಕಾಲಿನ ಅಳತೆ ಕೇಳಿಕೊಂಡು ಬರುವುದಿಲ್ಲ. ಆರು ತಿಂಗಳು ತಪ್ಪು ಬೂಟು ಹಾಕಿ ಒದ್ದಾಡಿದ ಮೇಲೆ ನನಗೆ ಆ ಕಂಚಿನ ತೂಕ ಸ್ವಲ್ಪ ಗೊತ್ತಾಯಿತು.

ಪಾದದ ಗೆರೆ ಎಳೆದ ಕಾಗದವನ್ನು ಆ ಹೆಂಗಸು ನನಗೇ ಕೊಟ್ಟಿದ್ದಳು. ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಫೋನ್ ಮಾಡಿ, "ಎಂತ ಇದು, ಕಾಲಿನ ನಕಾಶೆ?" ಅಂತ ಕೇಳಿದರು. ಅಂಗಡಿಯಾಕೆ ಚಂದದ ಪಾದ, ಬಹಳ ನಡೆದಿದೆ ಅಂದಳು ಅಂತ ಹೇಳಿದೆ. "ಹೌದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಅಡಿಕೆ ರೇಟಿನ ಸುದ್ದಿ ತೆಗೆದರು. ಮರುದಿನ ಅಮ್ಮ ಹೇಳಿದ್ದು: ಬಂದವರಿಗೆಲ್ಲ ಆ ಫೋಟೋ ತೋರಿಸುತ್ತಿದ್ದಾರಂತೆ.

ಈ ಸೀಸನ್ನಿಗೆ ನಮ್ಮ ಟೀಮಿಗೆ ಲೂಧಿಯಾನದ ಕಡೆಯ ಹೊಸ ಹುಡುಗನೊಬ್ಬ ಬಂದಿದ್ದಾನೆ. ಯಾರದ್ದೋ ಹಳೇ ಸ್ಕೇಟು. ಹೋದ ವಾರ ಪಂದ್ಯ ಮುಗಿದ ಮೇಲೆ ಮೂಲೆಯಲ್ಲಿ ಕೂತು ಪಾದ ತಿಕ್ಕುತ್ತಿದ್ದ. "ಇದು ಒಗ್ಗಿಹೋಗುತ್ತೆ ಅಲ್ವಾ ಭಾಯ್?" ಅಂತ ನನ್ನ ಕೇಳಿದ. ನನ್ನ ಹಾಕಿ ಬ್ಯಾಗಿನ ಪಕ್ಕದ ಜೇಬಿನಲ್ಲಿ ಟೇಪು, ಹೆಚ್ಚುವರಿ ಲೇಸಿನ ಜೊತೆ ಒಂದು ಪೆನ್ಸಿಲ್ ಯಾವಾಗಲೂ ಇರುತ್ತೆ. ತೆಗೆದು ಕೈಗಿಟ್ಟೆ.

"ಲೇಸು ಬಿಚ್ಚು. ಮೇಲಿಂದ ಮೂರನೇ ತೂತು."